ನೀರಿನಲ್ಲಿ ಕರಗಿದ ಎಣ್ಣೆ

"ನಾನೇ ಮಾಡಿದ್ದು ಅಂತ ಎಷ್ಟು ಸಲ ಹೇಳ್ಲಿ? ಬರ್ಕೊಳ್ಳಿ. ಸಹಿ ಹಾಕ್ತೀನಿ. ಮುಗಿಸಿಬಿಡಿ ಅತ್ಲಾಗೆ."

ಸೈಕಲ್ ಮೇಸ್ತ್ರಿ ಎರಡೂ ಕೈಗಳನ್ನು ಕೆಲಸದ ಬೆಂಚಿನ ಮೇಲೆ ಚಾಚಿಟ್ಟ. ಉಗುರಿನ ಸಂದಿಯ ಗ್ರೀಸು ನಲವತ್ತು ವರ್ಷದಿಂದ ಅಲ್ಲೇ ಒಕ್ಕಲಿದ್ದಂತೆ ಕಾಣುತ್ತಿತ್ತು.

ವಿಮಾ ಕಂಪನಿಯ ತನಿಖಾಧಿಕಾರಿ ಪೆನ್ನು ತೆಗೆಯಲಿಲ್ಲ. ಕಚೇರಿಯಲ್ಲಿ ಅವಳಿಗೆ ಭೂತಗನ್ನಡಿ ಎಂದು ಅಡ್ಡಹೆಸರು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಐವತ್ತು ದಾಟಿದ ಮೇಲೆ ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

"ಒಂದು ಲೋಟ ನೀರು ಕೊಡ್ತೀರಾ?" ಎಂದಳು. "ಗಾಜಿನ ಲೋಟದಲ್ಲಿ."

ಮೂರು ದಿನದ ಹಿಂದೆ, ಗುಡ್ಡದ ಮೇಲಿನ ಮನೆಗಳಿಗೆ ಔಷಧಿ ಮುಟ್ಟಿಸಿ ಇಳಿಯುತ್ತಿದ್ದ ದಾದಿಯ ಸೈಕಲ್ಲಿನ ಮುಂದಿನ ಬ್ರೇಕು ಕೈಕೊಟ್ಟಿತ್ತು. ಮೂರನೇ ತಿರುವಿನ ಬಂಡೆಗೆ ಬಡಿದು ಅವಳು ಸೊಂಟ ಮುರಿದುಕೊಂಡಿದ್ದಳು. ತಂತಿಯ ಬದಲು ಪೈಪಿನೊಳಗಿನ ದ್ರವದ ಒತ್ತಡದಿಂದ ಹಿಡಿಯುವ ಆ ಬ್ರೇಕನ್ನು ಅದರ ಹಿಂದಿನ ದಿನ ಕೂರಿಸಿದವನು ಈ ಮೇಸ್ತ್ರಿ.

ನೀರು ತಂದವಳು ಅಂಗಡಿಯ ಯಜಮಾನಿ. ಅಪ್ಪನ ಕಾಲದ ಸೈಕಲ್ ಅಂಗಡಿಯನ್ನು ಒಂಬತ್ತು ವರ್ಷದಿಂದ ಒಬ್ಬಳೇ ಎಳೆಯುತ್ತಿದ್ದಾಳೆ. ಮೇಸ್ತ್ರಿಯನ್ನು ಅವಳು ಮಾಮ ಅನ್ನುತ್ತಾಳೆ, ಅವನು ಅವಳನ್ನು ಪುಟ್ಟಿ ಅನ್ನುತ್ತಾನೆ. ಅವಳ ಮೊದಲ ಸೈಕಲ್ಲಿನ ಆಸರೆ ಚಕ್ರಗಳನ್ನು ಕಳಚಿ, 'ಇನ್ನು ಬಿದ್ದು ಕಲಿ' ಎಂದು ಬೆನ್ನು ತಳ್ಳಿದವನು ಅವನೇ.

"ನಾಲ್ಕು ಗಂಟೆಗೆ ಪೊಲೀಸಿನವರು ಬರ್ತಾರೆ," ಎಂದಳು ಭೂತಗನ್ನಡಿ. "ಈಗ ಮೂರು. ಈ ಕಾಗದಕ್ಕೆ ನಿಮ್ಮ ಸಹಿ ಬಿದ್ರೆ ನಮ್ಮ ಸಾಹೇಬರು ಸಂಜೆಯೊಳಗೆ ಫೈಲು ಮುಚ್ಚಿ ಕೈ ತೊಳ್ಕೋತಾರೆ. ಆದ್ರೆ ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಪೈಕಿ ಅಲ್ಲ ನಾನು."

"ಒಪ್ಕೊಂಡ ಮೇಲೂ ಅನುಮಾನವಾ?"

"ಒಪ್ಕೊಂಡಿದ್ದಕ್ಕೇ ಅನುಮಾನ."

ಅವಳ ಕಣ್ಣು ಗೋಡೆಯ ಮೇಲೆ ಹೋಯಿತು. ಪ್ರತಿಯೊಂದು ಸ್ಪ್ಯಾನರಿನ ಹಿಂದೆಯೂ ಅದರದೇ ಆಕಾರದ ಬಿಳಿ ಗೆರೆ. ತೆಗೆದದ್ದು ಎಲ್ಲಿಗೆ ಹೋಗಬೇಕೆಂದು ಗೋಡೆಯೇ ಹೇಳಬೇಕು. ಬೆಳಿಗ್ಗೆ ಠಾಣೆಯ ಷೆಡ್ಡಿನಲ್ಲಿ ನೋಡಿದ ದಾದಿಯ ಸೈಕಲ್ಲಿನಲ್ಲೂ ಬಿಗಿದ ಪ್ರತಿ ಬೋಲ್ಟಿನ ತಲೆಗೆ ಒಂದೊಂದು ಚುಕ್ಕೆ ಬಣ್ಣವಿತ್ತು, ಬಿಗಿದಾಯಿತು ಎಂಬ ಗುರುತು. ಹದಿನೇಳು ಬೋಲ್ಟು, ಹದಿನೇಳು ಚುಕ್ಕೆ. ಇಂಥವನು ಮೈಮರೆತು ಬ್ರೇಕು ಹಾಳುಮಾಡಿದ ಎಂದರೆ ನಂಬುವುದು ಹೇಗೆ?

ಇನ್ನೂ ಒಂದು ಮಾತು ಅವಳ ಎದೆಯಲ್ಲಿ ಕೂತಿತ್ತು. ನಿನ್ನೆ ಆಸ್ಪತ್ರೆಯಲ್ಲಿ ದಾದಿಗೆ ಎಚ್ಚರವಾದಾಗ ಅವಳು ಕೇಳಿದ್ದು ತನ್ನ ಸೊಂಟದ ಬಗ್ಗೆಯಲ್ಲ. "ಮೇಸ್ತ್ರಿಗೆ ಯಾರೂ ಏನೂ ಅಂದಿಲ್ಲ ತಾನೆ?" ಅಂದಿದ್ದಳು.

ಭೂತಗನ್ನಡಿ ಚೀಲದಿಂದ ಸಿರಿಂಜು ತೆಗೆದಳು. ಒಳಗೆ ನಾಲ್ಕು ಬೆರಳು ಅಗಲದಷ್ಟು ಕೊಳಕು ದ್ರವ.

"ದಾದಿಯ ಮುಂದಿನ ಬ್ರೇಕಿನಿಂದ ಪೊಲೀಸರ ಎದುರಿಗೇ ತೆಗೆಸಿದ್ದು. ಮೇಸ್ತ್ರೀ, ಆ ಬ್ರೇಕಿಗೆ ಏನು ತುಂಬಿಸ್ಬೇಕು?"

"ಮಿನರಲ್ ಎಣ್ಣೆ."

"ನೀರಿಗೆ ಬಿಟ್ರೆ?"

"ತೇಲ್ಬೇಕು. ಎಣ್ಣೆ ಅಲ್ವಾ."

"ಕಾರಿನ ಬ್ರೇಕಿಗೆ ಹಾಕೋ ದ್ರವ ಆದ್ರೆ?"

"ಅದು ಎಣ್ಣೆ ಜಾತಿದಲ್ಲ. ಕರಗಿಹೋಗುತ್ತೆ. ಈ ಬ್ರೇಕಿಗೆ ಅದನ್ನ ಹಾಕಿದ್ರೆ ಒಳಗಿನ ರಬ್ಬರು ಉಬ್ಬುತ್ತೆ. ಬೀದೀಲಿ ಹಿಡಿಯುತ್ತೆ, ಉದ್ದದ ಇಳಿಜಾರಲ್ಲಿ ಬಿಸಿಯಾದಾಗ ಸತ್ತುಹೋಗುತ್ತೆ."

ಅವಳು ಸಿರಿಂಜು ಒತ್ತಿದಳು. ಹನಿಗಳು ಒಂದರ ಹಿಂದೊಂದು ನೀರಿಗೆ ಬಿದ್ದು, ಎಳೆಯೆಳೆಯಾಗಿ ಕೆಳಗಿಳಿದು, ಸಕ್ಕರೆ ಪಾಕದಂತೆ ಬಿಚ್ಚಿಕೊಂಡು ಮಾಯವಾದವು. ಅಂಗಡಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದಳು.

"ನೋಡಿದ್ರಾ?" ಮೇಸ್ತ್ರಿ ಲೋಟದತ್ತ ಕೈ ತೋರಿಸಿದ. "ನಾನು ಹೇಳಿದ್ದು ಅದನ್ನೇ. ಕಾರಿನದ್ದು. ತಪ್ಪು ಬಾಟ್ಲಿ ಎತ್ಕೊಂಡೆ."

"ನಲವತ್ತು ವರ್ಷದ ಮೇಸ್ತ್ರಿ ಬಾಟ್ಲಿ ತಪ್ಪೋದು ಹೇಗೆ?"

ಶೆಲ್ಫಿನ ಮೇಲೆ ಎರಡು ಬಿಳಿ ಬಾಟ್ಲಿ ಅಕ್ಕಪಕ್ಕ ನಿಂತಿದ್ದವು. ಕೆಲವು ಕಂಪನಿಯ ಸೈಕಲ್ಲಿಗೆ ಕಾರಿನ ದ್ರವವೇ ಬೇಕು, ಹೆಚ್ಚಿನವಕ್ಕೆ ಮಿನರಲ್ ಎಣ್ಣೆ. ಚೀಟಿಗಳು ಎಂದೋ ಅಳಿಸಿಹೋಗಿದ್ದವು. ಎರಡೂ ನೋಡಲು ನೀರಿನಂತೆಯೇ.

"ಚೀಟಿ ನೋಡಿ ನಾನ್ಯಾವತ್ತೂ ತಗೊಂಡವನಲ್ಲ," ಎಂದ ಮೇಸ್ತ್ರಿ. "ಮೂಸಿ ನೋಡ್ತಿದ್ದೆ." ಅಂಗಡಿಯಾಕೆಯ ಕಡೆ ತಿರುಗಿದ. "ಆ ಜ್ವರ ಬಂದು ಮಲಗಿದ್ನಲ್ಲ ಪುಟ್ಟಿ, ಅವಾಗ ಹೋಯ್ತು ಮೂಗು. ವಾಪಸ್ ಬರ್ಲೇ ಇಲ್ಲ. ಮೊನ್ನೆ ಒಲೆ ಮೇಲೆ ಹಾಲು ಸೀದು ಕರಿಕಲಾದ್ರೂ ನಾನು ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ದೆ. ನಿಮ್ಮತ್ತೆ ಬೈದು ಬೈದು ಕೊನೆಗೆ ಅತ್ತಳು."

"ನನಗ್ಯಾಕೆ ಹೇಳ್ಲಿಲ್ಲ ಮಾಮ?"

"ಮೂಗಿಲ್ಲದ ಮೇಸ್ತ್ರೀನ ಯಾರು ಇಟ್ಕೋತಾರೆ?"

ಅಂಗಡಿಯಾಕೆ ಅವನ ಅಂಗಿಯ ತೋಳು ಹಿಡಿದುಕೊಂಡು ನಿಂತಳು. ಭೂತಗನ್ನಡಿ ಅವರಿಬ್ಬರಿಗೂ ಅಷ್ಟು ಸಮಯ ಬಿಟ್ಟುಕೊಟ್ಟಳು. ಅವಸರದ ಕೆಲಸವಾದರೂ ಕೆಲವನ್ನು ಅವಸರ ಮಾಡಬಾರದು.

ಆಮೇಲೆ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ಮೇಸ್ತ್ರೀ, ಇಲ್ಲಿ ಬನ್ನಿ. ನೀರಿನ ಮೇಲೆ ಏನು ಕಾಣ್ತಿದೆ?"

ಅವನು ಕನ್ನಡಕ ಏರಿಸಿಕೊಂಡ. ನೀರಿನ ನೆತ್ತಿಯ ಮೇಲೆ ಹೆಸರುಕಾಳಿನಷ್ಟು ದೊಡ್ಡ ಒಂದು ಗುಂಡು ಹನಿ ಮಿರಮಿರ ಮಿನುಗುತ್ತ ತೇಲುತ್ತಿತ್ತು.

"ಎಣ್ಣೆ," ಎಂದ.

"ನೀವು ಆವತ್ತು ಬ್ರೇಕನ್ನ ಪೂರ್ತಿ ಖಾಲಿ ಮಾಡಿ ತುಂಬಿಸಿದ್ರಾ?"

"ಇಲ್ಲ. ಮೇಲೆ ಸ್ವಲ್ಪ ಕಮ್ಮಿ ಇತ್ತು. ಒಂದು ಚೂರು ಹಾಕಿ ಮುಚ್ಚಿದೆ, ಅಷ್ಟೇ."

"ಆ ಒಂದು ಚೂರು ಇದು." ಅವಳು ತೇಲುವ ಹನಿಯತ್ತ ಬೆರಳು ತೋರಿಸಿದಳು. "ನೀವು ಹಾಕಿದ್ದು ಮಿನರಲ್ ಎಣ್ಣೆನೇ. ಸರಿಯಾದ ಬಾಟ್ಲಿನೇ. ಮೂಗು ಹೋದ್ರೂ ಕೈ ಮರೆತಿಲ್ಲ. ಕರಗಿದ್ದೆಲ್ಲ ಅದಕ್ಕೂ ಮುಂಚೆಯೇ ಒಳಗಿತ್ತು."

ಮೇಸ್ತ್ರಿ ಸ್ಟೂಲಿನ ಮೇಲೆ ಕುಸಿದ. ಮುಖವನ್ನು ಗ್ರೀಸಿನ ಕೈಯಲ್ಲೇ ಮುಚ್ಚಿಕೊಂಡ. ಮೂರು ರಾತ್ರಿ ನಿದ್ದೆಗೆಟ್ಟ ಮನುಷ್ಯನ ಭುಜ ಹೇಗೆ ಕುಲುಕುತ್ತದೋ ಹಾಗೆ ಕುಲುಕಿತು.

ಭೂತಗನ್ನಡಿ ಕಾಯಲಿಲ್ಲ. ಒಂದು ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟಳು. ಅದರಲ್ಲಿ ಒಂದು ರಬ್ಬರ್ ಉಂಗುರ. "ಅದೇ ಬ್ರೇಕಿನ ಒಳಗಿಂದ ಬಿಚ್ಚಿಸಿದ್ದು. ಇದರ ಹೊಸದು ನಿಮ್ಮ ಹತ್ರ ಇದೆಯಾ?"

ಮೇಸ್ತ್ರಿ ಕಣ್ಣೊರೆಸಿಕೊಂಡು ಡ್ರಾಯರ್ ಎಳೆದ. ಹೊಸ ಉಂಗುರವನ್ನು ಹಳೆಯದರ ಪಕ್ಕದಲ್ಲಿಟ್ಟ. ಹಳೆಯದು ನೆನೆಸಿಟ್ಟ ಕಾಳಿನಂತೆ ಊದಿಕೊಂಡಿತ್ತು. ಅದನ್ನು ಬೆರಳುಗಳ ನಡುವೆ ಹಿಚುಕಿದ, ಉಗುರಿನಿಂದ ಗೀರಿದ, ಮತ್ತೆ ಹಿಚುಕಿದ. ಅವನ ಮುಖದಿಂದ ಅಪರಾಧಿ ಎದ್ದುಹೋಗಿ ಮೇಸ್ತ್ರಿ ಬಂದು ಕೂತಿದ್ದ.

"ಇದು ಒಂದು ದಿನದ ಕೆಲಸ ಅಲ್ಲ," ಎಂದ ನಿಧಾನವಾಗಿ. "ಇಷ್ಟು ಮೆತ್ತಗಾಗಿ ಇಷ್ಟು ಊದ್ಬೇಕಾದ್ರೆ ನಾಲ್ಕು ವಾರ ಬೇಕು. ಐದೂ ಆಗಿರ್ಬಹುದು."

"ಆದ್ರೆ ದಾದಿಯ ಸೈಕಲ್ಲಿಗೆ ಈ ಬ್ರೇಕು ಕೂತಿದ್ದು ಬೀಳೋ ಹಿಂದಿನ ದಿನ."

ಮೇಸ್ತ್ರಿ ಹಳೆಯ ಉಂಗುರವನ್ನು ಕೆಳಗಿಟ್ಟ. ಅಂಗಡಿಯಾಕೆ ಒಂದು ಹೆಜ್ಜೆ ಹಿಂದೆ ಸರಿದಳು.

ಭೂತಗನ್ನಡಿ ಈಗ ಅವಳ ಕಡೆಗೆ ತಿರುಗಿದಳು. "ಇದು ನಿಮ್ಮ ಅಂಗಡಿಯ ಬಿಲ್ಲು. ದಾದಿಯ ಚೀಲದಲ್ಲಿ ಸಿಕ್ತು. ಮುಂದಿನ ಬ್ರೇಕ್, ಎರಡು ಪಿಸ್ಟನ್‌ದು, ಹೊಸದು. ಎರಡು ಸಾವಿರದ ಎಂಟುನೂರು. ಸರಿನಾ?"

"ಸರಿ."

"ಆದ್ರೆ ಸೈಕಲ್ಲಿನಲ್ಲಿದ್ದದ್ದು ಅದಕ್ಕಿಂತ ಬಿಗಿಯಾಗಿ ಹಿಡಿಯೋ ನಾಲ್ಕು ಪಿಸ್ಟನ್‌ದು. ಬೆಲೆ ಕೇಳಿದೆ. ಹನ್ನೊಂದೂವರೆ ಸಾವಿರ. ಅದೂ ಹೊಸದಲ್ಲ, ಬಳಸಿದ್ದು. ಅಗ್ಗದ ಮಾಲು ತೋರಿಸಿ ದುಬಾರಿ ಬಿಲ್ಲು ಹಾಕೋ ಅಂಗಡಿ ಬೇಕಾದಷ್ಟು ನೋಡಿದ್ದೀನಿ. ದುಬಾರಿ ಮಾಲು ಕೊಟ್ಟು ಅಗ್ಗದ ಬಿಲ್ಲು ಹಾಕಿದ್ದು ಇದೇ ಮೊದಲು. ಕದ್ದ ಮಾಲಾ?"

"ಮೇಡಂ!" ಮೇಸ್ತ್ರಿ ಎದ್ದು ನಿಂತ. "ಅವಳ ವಿಷಯಕ್ಕೆ ಬರ್ಬೇಡಿ."

"ಕೂತ್ಕೋ ಮಾಮ. ನೀನು ಮೂರು ದಿನದಿಂದ ಅಡ್ಡ ನಿಂತಿದ್ದು ಸಾಕು." ಅಂಗಡಿಯಾಕೆ ಕುರ್ಚಿ ಎಳೆದುಕೊಂಡಳು. ಎದುರು ಬೀದಿಯ ಗಾಜಿನ ಮಳಿಗೆಯ ಮೇಲೆ 'ಶೇಕಡಾ ನಲವತ್ತು ರಿಯಾಯಿತಿ' ಎಂಬ ಕೆಂಪು ಬಟ್ಟೆ ಗಾಳಿಗೆ ಪಟಪಟ ಬಡಿಯುತ್ತಿತ್ತು. "ಅಲ್ಲಿ ಮಾರೋ ಬೆಲೆಗೆ ನನಗೆ ಮಾಲು ಕೊಳ್ಳೋಕೂ ಆಗಲ್ಲ. ಆದ್ರೂ ದಾದಿ ನನ್ನ ಹತ್ರಾನೇ ಬಂದ್ಳು. ನಾಲ್ಕು ಪಿಸ್ಟನ್‌ದು ನೋಡಿದ್ಳು, ಬೆಲೆ ಚೀಟಿ ತಿರುಗಿಸಿದ್ಳು, ನಗ್ತಾ ವಾಪಸ್ ಇಟ್ಳು. 'ನನಗೆ ಎರಡು ಸಾಕು ಕಣೇ, ನಾನೇನು ಪಂದ್ಯಕ್ಕೆ ಹೋಗ್ತೀನಾ' ಅಂದ್ಳು."

"ಸಾಕಾಗ್ತಿತ್ತಾ?"

"ಸಾಕಾಗಲ್ಲ," ಎಂದ ಮೇಸ್ತ್ರಿ. "ಹಿಂದೆ ಇಪ್ಪತ್ತು ಕೇಜಿ ಔಷಧಿ ಪೆಟ್ಟಿಗೆ, ಆ ಇಳಿಜಾರು. ಮುಂದೆ ಗಟ್ಟಿ ಬ್ರೇಕ್ ಇರ್ಲೇಬೇಕು."

"ನಮ್ಮಮ್ಮ ಹಾಸಿಗೆ ಹಿಡಿದಾಗ ಏಳು ತಿಂಗಳು ದಿನಾ ಬಂದು ಮೈ ಒರೆಸಿದವಳು ಅವಳು," ಎಂದಳು ಅಂಗಡಿಯಾಕೆ. "ಒಂದು ಪೈಸೆ ಮುಟ್ಟಲಿಲ್ಲ. ಸುಮ್ನೆ ಕೊಟ್ರೆ ತಗೊಳ್ಳೋ ಜನ ಅಲ್ಲ. ಅದಕ್ಕೆ ನನ್ನ ಸ್ವಂತ ಸೈಕಲ್ಲಿನ ಮುಂದಿನ ಬ್ರೇಕನ್ನ ಪೈಪು ಬಿಚ್ಚದೆ ಇಡಿಯಾಗಿ ಕಳಚಿ ಅವಳದಕ್ಕೆ ಹಾಕು ಅಂತ ಮಾಮನಿಗೆ ಹೇಳಿದೆ. ಬಿಲ್ಲು ಮಾತ್ರ ಎರಡು ಪಿಸ್ಟನ್‌ದು. ಅವಳಿಗೆ ಗೊತ್ತೇ ಇಲ್ಲ. ಒಳ್ಳೇದು ಮಾಡೋಕೆ ಹೋಗಿ ಅವಳನ್ನ ಮಲಗಿಸಿಬಿಟ್ಟೆ."

ಭೂತಗನ್ನಡಿ ಬಿಲ್ಲನ್ನು ಮಡಿಸಿದಳು. ಮಡಿಸುತ್ತ ಮಡಿಸುತ್ತ ಅವಳ ಬೆರಳು ನಿಂತವು. ಮೇಸ್ತ್ರಿಯೂ ತಲೆ ಎತ್ತಿದ. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆದಿತ್ತು.

"ನಿಮ್ಮ ಸೈಕಲ್ಲನ್ನ ನೀವು ಕೊನೇ ಸಲ ಓಡಿಸಿದ್ದು ಯಾವಾಗ?"

"ಓಡಿಸಿ ಎರಡು ತಿಂಗಳ ಮೇಲಾಯ್ತು. ಮಂಡಿ ನೋವು. ಮುಂಚೆ ಪ್ರತಿ ಭಾನುವಾರ ಗುಡ್ಡ ಹತ್ತಿ ಇಳೀತಿದ್ದೆ."

"ಅಂದ್ರೆ ನಾಲ್ಕೈದು ವಾರದ ಹಿಂದೆ, ಆ ದ್ರವ ಬ್ರೇಕಿನೊಳಗೆ ಹೋದಾಗ, ಬ್ರೇಕು ಇದ್ದದ್ದು ನಿಮ್ಮ ಸೈಕಲ್ಲಿನಲ್ಲಿ." ಭೂತಗನ್ನಡಿ ದನಿ ತಗ್ಗಿಸಿದಳು. "ಆ ಅಪಾಯ ದಾದಿಗೆ ಬಂದದ್ದಲ್ಲ. ನಿಮಗೆ ಬಂದದ್ದು."

ಬೀದಿಯಲ್ಲಿ ಯಾರೋ ಬೆಲ್ ಹೊಡೆದುಕೊಂಡು ಹೋದರು.

"ಅವಾಗ ನಾನು ಜ್ವರ ಬಂದು ಮನೇಲಿದ್ದೆ," ಎಂದ ಮೇಸ್ತ್ರಿ, ತನಗೆ ತಾನೇ ಹೇಳಿಕೊಂಡಂತೆ. "ಪೂರ್ತಿ ಎರಡು ವಾರ."

"ಆ ಎರಡು ವಾರ ಈ ಬೆಂಚಿನಲ್ಲಿ ಯಾರು ಕೂತಿದ್ರು?"

ಅಂಗಡಿಯಾಕೆಯ ಕೈ ಕೊರಳಿಗೆ ಹೋಯಿತು. "ನನ್ನ ಗಂಡ," ಎಂದಳು.

ಗಂಡ ಎರಡು ಬೀದಿಯಾಚೆ ಕಾರು ಕಲಿಸುವ ಶಾಲೆ ನಡೆಸುತ್ತಿದ್ದ. ಮಧ್ಯಾಹ್ನದ ಪಾಠ ಬಿಟ್ಟು ಬಂದು ಹೆಂಡತಿಗೆ ನೆರವಾಗಿದ್ದ. ಎದುರಿನ ಮಳಿಗೆಯವರು ಒಳ್ಳೆ ಬೆಲೆ ಕೊಡುತ್ತಾರೆ, ಅಂಗಡಿ ಕೊಟ್ಟುಬಿಡೋಣ ಎಂದು ವರ್ಷದಿಂದ ಹೇಳುತ್ತಿದ್ದವನೂ ಅವನೇ. ಅಪ್ಪನ ಅಂಗಡಿ ಕೊಡಲ್ಲ ಎಂದು ಇವಳ ಹಟ.

"ನಮ್ಮ ಮದುವೆ ದಿನ ಬಂತು," ಎಂದಳು ಅವಳು. "ಸೈಕಲ್ ಅಂದ್ರೆ ಮೂಗು ಮುರಿಯೋ ಮನುಷ್ಯ. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ನನ್ನ ಸೈಕಲ್ ತೊಳೆದ್ರು, ಸರಪಳಿಗೆ ಎಣ್ಣೆ ಬಿಟ್ರು, ವಿಡಿಯೋ ನೋಡ್ಕೊಂಡು ಎರಡೂ ಬ್ರೇಕು ತುಂಬಿಸಿದ್ರು. ಅವತ್ತು ನಾನೆಷ್ಟು ಹಿಗ್ಗಿದ್ದೆ ಗೊತ್ತಾ ಮೇಡಂ? ಕೌಂಟರಲ್ಲಿ ಗಿರಾಕಿ ನಿಂತಿದ್ರೂ ನಾನು ಅವರನ್ನೇ ನೋಡ್ತಿದ್ದೆ."

"ಬಾಟ್ಲಿ ಯಾವ್ದು ಅಂತ ಅವರಿಗೆ ಗೊತ್ತಿತ್ತಾ?"

"ಕೇಳಿದ್ರು. ನಾನು ಕೌಂಟರಿಂದಲೇ 'ಎಡಗಡೆದು' ಅಂದೆ."

ಭೂತಗನ್ನಡಿ ಎದ್ದು ಕೌಂಟರಿಗೆ ಹೋಗಿ ನಿಂತಳು. ಅಲ್ಲಿಂದ ಶೆಲ್ಫು ಎದುರಿಗೇ ಕಾಣುತ್ತಿತ್ತು. ಎಡಕ್ಕಿದ್ದದ್ದು ಮಿನರಲ್ ಎಣ್ಣೆ, ಬಲಕ್ಕಿದ್ದದ್ದು ಕಾರಿನದ್ದು. ಶೆಲ್ಫಿಗೆ ಬೆನ್ನು ಹಾಕಿ ಬೆಂಚಿನಲ್ಲಿ ಕೂತವನಿಗೆ ಎಡವೇ ಬಲ, ಬಲವೇ ಎಡ.

"ನೀವು ಹೇಳುವಾಗ ಅವರ ಮುಖ ಯಾವ ಕಡೆಗಿತ್ತು? ಶೆಲ್ಫಿನ ಕಡೆಗಾ, ನಿಮ್ಮ ಕಡೆಗಾ?"

ಅಂಗಡಿಯಾಕೆ ಕಣ್ಣು ಮುಚ್ಚಿದಳು. "ನಗ್ತಿದ್ರು. ಅಷ್ಟೇ ನೆನಪು. ನಗ್ತಿದ್ರು."

ಪ್ರೀತಿಯಿಂದ ಮಾಡಿದ ಎಡವಟ್ಟು ಇರಬಹುದು. ಕಾರು ಕಲಿಸುವವನಿಗೆ ಆ ದ್ರವ ತಿಳಿಯದೆ ಇರುತ್ತದೆಯೇ ಎಂದೂ ಕೇಳಬಹುದು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಭೂತಗನ್ನಡಿ ಎರಡೂ ಬಗೆಯ ಗಂಡಂದಿರನ್ನು ನೋಡಿದ್ದಳು. ನಗುವಾಗ ಇಬ್ಬರೂ ಒಂದೇ ಥರ ಕಾಣುತ್ತಾರೆ.

"ಎರಡೂ ಬ್ರೇಕು ಅಂದ್ರಲ್ಲ. ಹಿಂದಿನದು ಇನ್ನೂ ನಿಮ್ಮ ಸೈಕಲ್ಲಿನಲ್ಲೇ ಇದೆಯಾ? ಅದನ್ನ ಈಗ್ಲೇ ನೋಡ್ಬೇಕು. ಎಲ್ಲಿದೆ?"

"ಅಲ್ಲೇ, ಕಿಟಕಿ ಪಕ್ಕದ ಕೊಕ್ಕೆಗೆ—" ಎಂದು ತಿರುಗಿದ ಮೇಸ್ತ್ರಿ ಅಲ್ಲೇ ನಿಂತ.

ಕೊಕ್ಕೆ ಖಾಲಿಯಿತ್ತು.

"ಅವರು ತಗೊಂಡು ಹೋದ್ರು," ಎಂದಳು ಅಂಗಡಿಯಾಕೆ ಸಣ್ಣ ದನಿಯಲ್ಲಿ. "ಎರಡು ಗಂಟೆಗೆ. ಮನಸ್ಸು ಸರಿಯಿಲ್ಲ, ಗುಡ್ಡದ ಕಡೆ ಹೋಗಿ ಬರ್ತೀನಿ ಅಂದ್ರು. ನನಗೆ ಯೋಚನೆಯೆಲ್ಲ ಮಾಮನ ಮೇಲಿತ್ತು. ಹ್ಞೂಂ ಅಂದೆ."

"ಅಯ್ಯೋ ಪುಟ್ಟಿ!" ಮೇಸ್ತ್ರಿ ಶೆಲ್ಫಿನ ಕೆಳಗಿನಿಂದ ಒಂದು ಡಬ್ಬಿ ಎಳೆದ. ಮುದ್ರೆ ಒಡೆಯದ ಎರಡು ಪಿಸ್ಟನ್ ಬ್ರೇಕು. "ನಿನ್ನ ಸೈಕಲ್ಲಿಗೆ ಇದನ್ನ ಕೂರಿಸ್ಬೇಕಿತ್ತು. ನಾನಿನ್ನೂ ಕೂರಿಸೇ ಇಲ್ಲ. ಅದಕ್ಕೆ ಮುಂದೆ ಬ್ರೇಕೇ ಇಲ್ಲ ಕಣೇ! ಇರೋದು ಹಿಂದಿನದೊಂದೇ."

ಅಂಗಡಿಯಾಕೆ ಫೋನು ತೆಗೆದಳು. ಎರಡು ಸಲ ತಪ್ಪು ಒತ್ತಿದಳು. ಭೂತಗನ್ನಡಿ ಅದನ್ನು ಇಸಿದುಕೊಂಡು, ಸ್ಪೀಕರ್ ಹಾಕಿ, ಬೆಂಚಿನ ಮೇಲಿಟ್ಟಳು.

ಐದನೇ ಸಲ ರಿಂಗಾದಾಗ ಕರೆ ಎತ್ತಿದ ಸದ್ದು. ಮೊದಲು ಬರೀ ಗಾಳಿ. ಗಾಳಿಯ ಒಳಗೆ ಟಕಟಕಟಕ ಎಂಬ ಸಣ್ಣ ಸದ್ದು.

ಮೇಸ್ತ್ರಿ ಬಗ್ಗಿ ಕಿವಿಯಿಟ್ಟ. "ಹಿಂದಿನ ಚಕ್ರದ ಸದ್ದು. ಪೆಡಲ್ ತುಳೀತಿಲ್ಲ. ಗುಡ್ಡ ಇಳೀತಿದ್ದಾನೆ."

"ರೀ! ನಿಲ್ಸಿ! ಎಲ್ಲಿದ್ದೀರಾ? ಇಳೀಬೇಡಿ, ಸೈಕಲ್ ಪಕ್ಕಕ್ಕೆ ಹಾಕಿ—"

"ಬ್ರೇಕಿನ ವಿಷಯ ತಾನೆ?" ಗಂಡನ ದನಿ ಶಾಂತವಾಗಿತ್ತು, ಊಟಕ್ಕೆ ಬರುವುದು ತಡವಾಗುತ್ತದೆ ಎಂದು ಹೇಳುವವನಂತೆ. "ನನಗೆ ಗೊತ್ತು ಕಣೇ. ದಾದಿ ಬಿದ್ದ ದಿನದಿಂದ ಗೊತ್ತು. ಮೇಸ್ತ್ರಿಗೆ ಹೇಳು, ಸಹಿ ಹಾಕೋದು ಬೇಡ, ತುಂಬಿಸಿದ್ದು ನಾನು ಅಂತ."

ಟಕಟಕ ಸದ್ದು ಬಿರುಸಾಯಿತು, ಇನ್ನೂ ಬಿರುಸಾಯಿತು, ಬಿಡಿ ಬಿಡಿ ಸದ್ದುಗಳೆಲ್ಲ ಸೇರಿ ಒಂದೇ ಎಳೆಯಾಯಿತು. ಆಮೇಲೆ ಫೋನಿನಲ್ಲಿ ಗಾಳಿಯೂ ಇರಲಿಲ್ಲ.